ನಿರ್ಮಾಪಕಿ: ಇಲೋನಾ ವರ್ಗಾ

1954 ಮಾರ್ಚ್ 2, ಮಂಗಳವಾರ. ಬೆಳಿಗ್ಗೆ 6.15

ಸ್ಟುಡಿಯೊ ಕ್ಯಾಂಟೀನು, ಮೂಲೆಯ ಮೇಜು. ಎರಡನೇ ಕಪ್ ಕಾಫಿ. ಡೀಟ್ಸ್ ಸಾಹೇಬರು ಇವತ್ತೂ ಬಂದಿಲ್ಲ — ನಾಲ್ಕನೇ ದಿನ. ಪಾಮ್ ಸ್ಪ್ರಿಂಗ್ಸ್‌ನಿಂದ ತಂತಿ ಬಂದಿದೆ. 'ನರಗಳು ಸೋತಿವೆ. ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ನೀನು ನೋಡಿಕೋ.' ನರಗಳಂತೆ. ಆ ನರಗಳಿಗೆ ಈಜುಕೊಳವೂ ಬೇಕು, ಗಾಲ್ಫೂ ಬೇಕು.

ನೋಡಿಕೊಳ್ಳುವುದು ನನಗೆ ಹೊಸದೇ? ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕಥೆ ಹುಡುಕುವುದು ನಾನು. ನಿರ್ದೇಶಕನಿಗೂ ಕ್ಯಾಮೆರಾದವನಿಗೂ ಮಾತು ಬಿಟ್ಟಾಗ ರಾಜಿ ಮಾಡಿಸುವುದು ನಾನು. ತೆರೆಯ ಮೇಲೆ ಮಾತ್ರ 'ನಿರ್ಮಾಪಕ: ಎಲ್‌ವುಡ್ ಡೀಟ್ಸ್'. ಹದಿನಾಲ್ಕು ಚಿತ್ರ, ಹದಿನಾಲ್ಕು ಸಲ ಅವನ ಹೆಸರು. ನಾನು ಕಡತದಲ್ಲಿ 'ಸಹಾಯಕಿ'.

ಈ ಸಲದ್ದು 'ದೋಣಿಯ ಗಂಟೆ'. ನನ್ನ ಹುಟ್ಟೂರು ಟೊಲೀಡೊ ಕಡೆಯ ನದಿ. ಗಂಡ ಸತ್ತ ಮೇಲೆ ಅವನ ದೋಣಿಯನ್ನು ತಾನೇ ನಡೆಸುವ ಮಾರ್ಥಾ, ಅವಳ ಜೊತೆಗೆ ನಿಲ್ಲುವ ಮೈದುನ ಟಾಡ್. ಕಥೆಯ ನಡುವೆ ಟಾಡ್ ನೀರುಪಾಲಾಗುತ್ತಾನೆ. ಇದನ್ನು ಡೀಟ್ಸ್‌ಗೆ ಓದಿ ಹೇಳಿದ್ದೂ ನಾನೇ. ಅವನಿಗೆ ಓದುವುದೆಂದರೆ ಬೇಜಾರು.

ಏಳಕ್ಕೆ ಮೊದಲ ಶಾಟ್. ಹೊರಟೆ.

ಮಾರ್ಚ್ 5, ಶುಕ್ರವಾರ

ಥರ್ಲೋ ಬ್ಯಾಸ್ಕಮ್ ಕರೆಸಿದ. ಸ್ಟುಡಿಯೊದ ಯಜಮಾನ. ಅವನ ಕೋಣೆಗೆ ಹೋಗಲು ಅಷ್ಟುದ್ದ ರತ್ನಗಂಬಳಿ ದಾಟಬೇಕು. ಬೇಕೆಂದೇ ಹಾಗೆ ಮಾಡಿಸಿದ್ದಾನೆ, ನಡೆದು ಬರುವವರ ಧೈರ್ಯ ಅರ್ಧ ದಾರಿಯಲ್ಲೇ ಉದುರಲಿ ಎಂದು.

"ಡೀಟ್ಸ್ ಇಲ್ದೆ ಕೆಲಸ ಎಷ್ಟು ದಿನದಿಂದ ನಿಂತಿದೆ?" ಎಂದ.

"ಒಂದು ಗಂಟೆನೂ ನಿಂತಿಲ್ಲ."

"ಹಾಗಾದ್ರೆ ನಡೆಸ್ತಿರೋದು ಯಾರು?"

"ನಿಮ್ಮ ಮುಂದೇನೇ ಕೂತಿದ್ದಾಳಲ್ಲ."

ಸಿಗಾರ್ ಬಾಯಿಂದ ತೆಗೆದು ನನ್ನನ್ನು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ್ದು. ನಾನು ಬಿಡಲಿಲ್ಲ. ಮುಗಿಸಿಕೊಡುತ್ತೇನೆ, ಆದರೆ ತೆರೆಯ ಮೇಲೆ ನನ್ನ ಹೆಸರು ಹಾಕಿ ಎಂದೆ.

"ಹೆಂಗಸು ನಿರ್ಮಾಪಕಿ ಅಂದ್ರೆ ಥಿಯೇಟರಿನೋರು ನಗ್ತಾರೆ ಕಣಮ್ಮ."

"ನಗಲಿ ಬಿಡಿ. ಟಿಕೆಟ್ ತಗೊಂಡು ನಗಲಿ."

ಅವನಿಗೂ ನಗು ಬಂತು. ನುಂಗಿಕೊಂಡ. "ನೋಡೋಣ," ಎಂದ. ಈ ಊರಿನಲ್ಲಿ 'ನೋಡೋಣ' ಎಂದರೆ 'ಇಲ್ಲ'. ಗೊತ್ತಿದ್ದೇ ಕೇಳಿದೆ — ಏನು ಮಾಡಿದರೆ 'ನೋಡೋಣ' ಹೋಗಿ 'ಆಯ್ತು' ಆಗುತ್ತದೆ?

"ಪ್ರಿವ್ಯೂ ದಿನ ಜನ ಚೀಟಿ ಬರೀತಾರಲ್ಲ, ಅವು ಹೇಳ್ಲಿ. ಚೆನ್ನಾಗಿದ್ರೆ ನಿನ್ನ ಹೆಸರು. ಇಲ್ದಿದ್ರೆ ಡೀಟ್ಸ್‌ದು ಇದ್ದೇ ಇದೆ."

ಅಂದರೆ ಗೆದ್ದರೆ ಮಾತ್ರ ನನ್ನದು. ಸೋತರೂ ಡೀಟ್ಸ್‌ಗೆ ಹೆಸರು. ಅನ್ಯಾಯ. ಆದರೂ ವಾಪಸು ಬರುವಾಗ ಆ ರತ್ನಗಂಬಳಿ ಅರ್ಧದಷ್ಟೇ ಇತ್ತು.

ಮಾರ್ಚ್ 20, ಶನಿವಾರ

ಟಾಡ್ ಮುಳುಗುವ ದೃಶ್ಯ. ದೊಡ್ಡ ತೊಟ್ಟಿಯಲ್ಲಿ ನದಿ ಮಾಡಿದ್ದಾರೆ. ನಾಯಕನಟ ಮಹಾಶಯ ದಡದಲ್ಲೇ ಕೂತ — ನೀರು ತಣ್ಣಗಿದೆಯಂತೆ, ಅವನ ಎದೆಗೆ ಆಗುವುದಿಲ್ಲವಂತೆ. ನಿರ್ದೇಶಕ ಪ್ರೆಂಟಿಸ್ ಸಿಟ್ಟಿನಲ್ಲಿ ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕೂತ. ಎಪ್ಪತ್ತು ಜನ ಸುಮ್ಮನೆ ನಿಂತಿದ್ದಾರೆ.

ಬೂಟು ಬಿಚ್ಚಿಟ್ಟು ಲಂಗದ ಸಮೇತ ಇಳಿದೆ. ಎದೆಮಟ್ಟ ನೀರು. ನಿಜವಾಗಿಯೂ ಹಲ್ಲು ಕಟಕಟ ಅನ್ನುತ್ತಿತ್ತು. "ಬನ್ನಿ ಸ್ವಾಮಿ," ಎಂದೆ, "ಬೆಚ್ಚಗಿದೆ." ಲೈಟ್‌ಬಾಯ್‌ಗಳು ಕೇಕೆ ಹಾಕಿದರು. ಇನ್ನೇನು ಮಾಡುತ್ತಾನೆ, ಇಳಿದ. ಒಂದೇ ಶಾಟ್‌ನಲ್ಲಿ ಮುಗಿಯಿತು. ನೀರಿನ ನಡುಕವೆಲ್ಲ ಅವನ ಮುಖದಲ್ಲಿ ಬಂದಿದೆ. ಅಷ್ಟು ಒಳ್ಳೆಯ ಶಾಟ್ ಅವನ ಜನ್ಮದಲ್ಲಿ ಕೊಟ್ಟಿರಲಿಲ್ಲ.

ಈಗ ಮೂಗು ಸೋರುತ್ತಿದೆ. ಖುಷಿ. ತುಂಬಾ ಖುಷಿ.

ಏಪ್ರಿಲ್ 4, ಭಾನುವಾರ

ಅಪ್ಪನಿಗೆ ಫೋನ್ ಮಾಡಿದೆ. ಅಣ್ಣನ ಮನೆಯಲ್ಲಿ ಎಲೆಕೋಸಿನ ಕಡುಬು ತಿಂದು ಕೂತಿದ್ದ. ಶೂಟಿಂಗ್ ಮುಗಿಯಿತು ಎಂದೆ.

"ನಿನ್ನ ಹೆಸರು ಹಾಕ್ತಾರೇನೇ?"

"ನೋಡೋಣ ಅಂದಿದ್ದಾರಪ್ಪ."

"ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದ್ದೀನಿ, ಮೊದಲು ಕ್ಯಾಬಿನ್ನಿನ ಕಿಂಡಿಯಲ್ಲಿ, ಈಗ ಟಿಕೆಟ್ ತಗೊಂಡು. ಹೆಸರೆಲ್ಲ ಹೋಗ್ತಾ ಇರುತ್ತೆ, ನಮ್ಮದು ಮಾತ್ರ ಬರಲ್ಲ." ಬೇಜಾರಿನಿಂದಲ್ಲ, ಛೇಡಿಸುತ್ತಾ ಹೇಳಿದ. ಆದರೂ ನಾಟಿತು.

ಅಪ್ಪ ಟೊಲೀಡೊದ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ನಡೆಸಿದವನು. ಶಾಲೆ ಬಿಟ್ಟ ಕೂಡಲೇ ನಾನು ಅವನ ಕ್ಯಾಬಿನ್ನಿನಲ್ಲಿ ಸ್ಟೂಲ್ ಮೇಲೆ. ರೀಲು ಸುತ್ತುವುದು ಕಲಿಸಿದ, ಹರಿದರೆ ಅಂಟಿಸುವುದು ಕಲಿಸಿದ. ಎಲ್ಲಕ್ಕಿಂತ ಮೊದಲು ಕಲಿಸಿದ್ದು — ಡಬ್ಬದ ಮುಚ್ಚಳದ ಮೇಲಿನ ಸಂಖ್ಯೆಯನ್ನು ನಂಬಬೇಡ, ಫಿಲ್ಮಿನ ತಲೆ ನೋಡು. ಪ್ರತಿ ರೀಲಿನ ಮೊದಲ ತುಂಡಿನಲ್ಲಿ ಅದು ಎಷ್ಟನೆಯದು ಎಂದು ಬರೆದಿರುತ್ತದೆ, ಅದೇ ತಲೆ. ಮುಚ್ಚಳಗಳು ಅದಲುಬದಲಾಗುತ್ತವೆ, ತಲೆ ಆಗುವುದಿಲ್ಲ. ನೋಡದೆ ಹಾಕಿದರೆ ಬೆರಳ ಗಂಟಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಬೀಳುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ರೈಲು ಹತ್ತಿ ಇಲ್ಲಿಗೆ ಬಂದೆ. ಮೊದಲು ಟೈಪಿಸ್ಟ್. ಆಮೇಲೆ ಸೆಟ್ಟಿನಲ್ಲಿ ಯಾರ ಅಂಗಿಯ ಎಷ್ಟು ಗುಂಡಿ ಹಾಕಿದೆ, ಸಿಗರೇಟು ಎಷ್ಟುದ್ದ ಉಳಿದಿದೆ ಎಂದು ಬರೆದಿಡುವ ಹುಡುಗಿ. ನನ್ನ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಬಿಚ್ಚಿಕೊಂಡಿಲ್ಲ. ಈ ಹೆಮ್ಮೆ ನನಗಿದೆ, ಇರಲಿ.

ಜುಲೈ 21, ಬುಧವಾರ

ಬಂದ. ಡೀಟ್ಸ್. ಬಿಸಿಲಿಗೆ ಕೆಂಪಗೆ ಹದವಾಗಿ ಬೆಂದಿದ್ದಾನೆ. ನನ್ನ ಗಲ್ಲ ತಟ್ಟಿ, "ಭೇಷ್ ಕಣೇ, ನಂಬಿಕೆ ಉಳಿಸ್ಕೊಂಡೆ," ಎಂದ. ನಲವತ್ತೇಳು ವರ್ಷದ ಗಲ್ಲ.

ಮಧ್ಯಾಹ್ನ ಹೆಸರುಗಳ ಪಟ್ಟಿ ಎಲ್ಲರ ಮೇಜಿಗೂ ಬಂತು. ಪ್ರಿವ್ಯೂಗೆ ಹೋಗುವ ಪ್ರತಿಯಲ್ಲಿ 'ನಿರ್ಮಾಪಕ: ಎಲ್‌ವುಡ್ ಡೀಟ್ಸ್'. ಓದಿದ್ದೇನೆ ಎಂದು ಕೆಳಗೆ ರುಜು ಹಾಕಬೇಕು. ಹಾಕಿದೆ. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು.

ಆಗಸ್ಟ್ 5, ಗುರುವಾರ

ಭಾನುವಾರ ಪ್ರಿವ್ಯೂ. ಇವತ್ತು ಇಡೀ ಚಿತ್ರ ಮತ್ತೆ ನೋಡಿದೆವು. ನಡುವೆ ಎಲ್ಲೋ ಸೊರಗುತ್ತದೆ. ಎಲ್ಲಿ ಎಂದು ನನಗೆ ಗೊತ್ತಿತ್ತು, ಎರಡು ತಿಂಗಳಿಂದ ಹೇಳುತ್ತಿದ್ದೆ. ಪ್ರೆಂಟಿಸ್ ಮೊದಲು ಟಾಡ್‌ನ ಶವಸಂಸ್ಕಾರ ತೋರಿಸುತ್ತಾನೆ, ಆರನೇ ರೀಲು. ಆಮೇಲೆ ಮಾರ್ಥಾ ನೆನೆಸಿಕೊಂಡಂತೆ ಅವನು ಮುಳುಗಿದ್ದು, ಏಳನೇ ರೀಲು. ಅದು ಜಾಣತನ. ನನಗೆ ಜಾಣತನ ಬೇಡ. ಬದುಕಿನಲ್ಲಿ ಆದಂತೆ ಆಗಲಿ — ಮೊದಲು ಮುಳುಗಲಿ, ಆಮೇಲೆ ಮಣ್ಣಾಗಲಿ.

ಪ್ರೆಂಟಿಸ್ ಕೂಗಾಡಿದ. ನಾನೂ ಕೂಗಾಡಿದೆ. ಕೊನೆಗೆ ಸಂಕಲನಕಾರ ಸೋಲ್, "ಇವಳು ಹೇಳೋದೇ ಸರಿ ಕಣಯ್ಯಾ," ಎಂದ. ಅಲ್ಲಿಗೆ ಮುಗಿಯಿತು. 'ನೆನಪು' ಎಂದು ತೋರಿಸುವ ಮಸುಕನ್ನೆಲ್ಲ ಸೋಲ್ ಕತ್ತರಿಸಿ ತೆಗೆದ. ಅವನು ಅಂಟಿಸುವಷ್ಟರಲ್ಲಿ ನಾನು ಡಬ್ಬಗಳ ಮೇಲಿನ ಚೀಟಿ ಕಿತ್ತು ಹೊಸದು ಅಂಟಿಸಿದೆ. ಆರು ಇದ್ದದ್ದು ಏಳು, ಏಳು ಇದ್ದದ್ದು ಆರು. ನನ್ನ ದುಂಡು ಅಕ್ಷರ.

"ಎಲ್ಲಾ ಬದಲಾಯ್ಸಿದ್ಯಾ?" ಎಂದ ಸೋಲ್.

"ಆಯ್ತು," ಎಂದೆ.

ಗೆದ್ದೆ ಇವತ್ತು.

ಆಗಸ್ಟ್ 8, ಭಾನುವಾರ. ಮಧ್ಯಾಹ್ನ 3.00

ಪೊಮೋನಾಗೆ ಹೊರಡಬೇಕು. ಅಲ್ಲಿಯ ಜನ ಯಾವುದೋ ಕೌಬಾಯ್ ಚಿತ್ರಕ್ಕೆಂದು ಬಂದಿರುತ್ತಾರೆ, ಅವರಿಗೆ ಹೇಳದೆ ಕೇಳದೆ ನಮ್ಮದನ್ನು ಹಾಕುತ್ತೇವೆ. ಕೊನೆಗೆ ಕೈಗೆ ಚೀಟಿ, ಪೆನ್ಸಿಲ್. ದಾಕ್ಷಿಣ್ಯವೇ ಇರುವುದಿಲ್ಲ. ಅದಕ್ಕೇ ಅವರು ಬೇಕು.

ನೀಲಿ ಸೂಟ್ ಹಾಕಿಕೊಂಡೆ. ಬಿಚ್ಚಿದೆ. ಮತ್ತೆ ಅದನ್ನೇ ಹಾಕಿಕೊಂಡೆ.

ಆಗಸ್ಟ್ 9, ಸೋಮವಾರ. ಬೆಳಿಗ್ಗೆ 7.00

ಬರೆಯಲೇಬೇಕು, ಒಂದೂ ಬಿಡದೆ.

ಐದು ರೀಲು ಚೆನ್ನಾಗಿ ಹೋಯಿತು. ನಗಬೇಕಾದಲ್ಲಿ ನಕ್ಕರು, ಪಾಪ್‌ಕಾರ್ನ್ ಸದ್ದು ನಿಲ್ಲಬೇಕಾದಲ್ಲಿ ನಿಂತಿತು. ಆಗಲೇ ನನಗೆ ಒಳಗೆ ಕೂರಲಾಗಲಿಲ್ಲ. ಹೊರಗೆ ಓಡಿದೆ. ಮುಖ ತೊಳೆದು, ನೀರು ಕುಡಿದು, ಲಾಬಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆ. ಎದ್ದು ಬಾಗಿಲು ತಳ್ಳುತ್ತೇನೆ — ಇಡೀ ಹಾಲು ಹೊಟ್ಟೆ ಹಿಡಿದುಕೊಂಡು ನಗುತ್ತಿದೆ. ಎಂಟುನೂರು ಜನ. ತೆರೆಯ ಮೇಲೆ ಟಾಡ್ ಅಡುಗೆಮನೆಗೆ ಬಂದು, ಟೊಪ್ಪಿಗೆ ತೆಗೆದು, "ಕಾಫಿ ಇದ್ಯಾ ಅತ್ತಿಗೆ?" ಅನ್ನುತ್ತಿದ್ದಾನೆ.

ಅಲ್ಲಿ ನಗುವಂಥದ್ದು ಏನೂ ಇಲ್ಲ. ಅರ್ಧ ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಶವಸಂಸ್ಕಾರ ಆಗಲೇ ಆಗಿಹೋಗಿದೆ. ಹತ್ತು ನಿಮಿಷ ಅವನನ್ನು ಹೂತು, ಗಂಟೆ ಬಾರಿಸಿ, ಅತ್ತು ಮುಗಿಸಿದ್ದಾರೆ. ಈಗ ಅವನೇ ಬಂದು ಕಾಫಿ ಕೇಳುತ್ತಿದ್ದಾನೆ.

ಹಿಂದಿನ ಸಾಲಿನಲ್ಲಿ ಬ್ಯಾಸ್ಕಮ್‌ನ ಸಿಗಾರ್ ಅಲ್ಲಾಡದೆ ನಿಂತಿತ್ತು. ಕ್ಯಾಬಿನ್ನಿನ ಮೆಟ್ಟಿಲು ಎಲ್ಲಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತಿದೆ.

ಪ್ರೊಜೆಕ್ಟರಿನ ಮನುಷ್ಯ ಕ್ಲೀಟಸ್. ಅರವತ್ತರ ಹತ್ತಿರ, ಕನ್ನಡಕ, ಅಂಗಿ ಕೊಳೆಯಾಗದಂತೆ ತೋಳಿಗೆ ಕಪ್ಪು ಬಟ್ಟೆ. ಬೆವರುತ್ತಿದ್ದ.

"ನಾನು ತಲೆ ನೋಡೇ ಹಾಕಿದ್ದು ಕಣಮ್ಮ," ಎಂದ, ನಾನು ಬಾಯಿ ತೆಗೆಯುವ ಮೊದಲೇ. "ತಲೆಯಲ್ಲಿ ಆರು ಅಂತಿದೆ. ಮುಚ್ಚಳದ ಮೇಲೆ ಯಾರೋ ಏಳು ಅಂತ ಬರೆದಿದ್ದಾರೆ. ಮುಚ್ಚಳ ಯಾರು ನಂಬ್ತಾರೆ?"

ಯಾರೋ. ನನ್ನ ದುಂಡು ಅಕ್ಷರ ಅಲ್ಲೇ ನನ್ನನ್ನು ನೋಡುತ್ತಿತ್ತು. ಚೀಟಿ ಬದಲಿಸಿದೆ, ತಲೆ ಬದಲಿಸಲಿಲ್ಲ. ಗೇಜಾ ವರ್ಗಾನ ಮಗಳು, ಅಪ್ಪನ ಮೊದಲ ಪಾಠವನ್ನೇ ಮರೆತೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಲ್ಲಿಸಿ," ಎಂದೆ.

"ಪ್ರಿವ್ಯೂ ನಿಲ್ಸೋದಾ? ಇಪ್ಪತ್ತಾರು ವರ್ಷದಲ್ಲಿ ಒಂದ್ಸಲನೂ ಇಲ್ಲ." ನನ್ನ ಕೈ ಮುಂದೆ ಹೋದದ್ದನ್ನು ನೋಡಿ ಅಡ್ಡ ಬಂದ. "ಯೂನಿಯನ್ ಕಾರ್ಡ್ ಇಲ್ದೋರು ಮಶೀನ್ ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ. ನಮ್ಮಪ್ಪ ಟೊಲೀಡೊದಲ್ಲಿ ಮೂವತ್ತೊಂದು ವರ್ಷ ನಿಮ್ಮದೇ ಕೆಲಸ ಮಾಡ್ದೋರು. ನೀವೇ ನಿಲ್ಲಿಸಿ, ನೀವೇ ಸುತ್ತಿ. ಇದನ್ನ ಮೊದಲಿಂದ ಹಾಕಿ, ಆಮೇಲೆ ಶವಸಂಸ್ಕಾರದ್ದನ್ನ ಇನ್ನೊಂದ್ಸಲ ಹಾಕಿ. ಎಷ್ಟು ಹೊತ್ತು ಬೇಕು?"

ನನ್ನ ಮುಖ ನೋಡಿದ. "ನಮ್ಮೋರ ಮಗಳಾ? ಹಾಗನ್ನು ಮತ್ತೆ. ಐದು ನಿಮಿಷ ಕೊಡು." ಮಶೀನ್ ನಿಂತಿತು.

ಕೆಳಗೆ ಇಳಿಯುವಾಗ ಡೀಟ್ಸ್ ಮೆಟ್ಟಿಲಲ್ಲೇ ಹಿಡಿದ. "ಹುಚ್ಚೇನೇ ನಿನಗೆ? ಪ್ರೊಜೆಕ್ಟರಿನವನು ಕುಡಿದಿದ್ದ ಅಂತ ಹೇಳು, ಮುಗೀತು. ನಾಳೆಯಿಂದ ಅವನು ಇರಲ್ಲ, ಯಾರಿಗೇನು?"

ನಿಜ ಬರೆಯುತ್ತೇನೆ, ಇದನ್ನು ಯಾರೂ ಓದುವುದಿಲ್ಲ. ಒಂದು ಕ್ಷಣ ಇನ್ನೊಂದು ಯೋಚನೆ ಬಂತು. ತೆರೆಯ ಮೇಲೆ ಬಂದ ಹೆಸರು ಡೀಟ್ಸ್‌ದು. ಆ ನಗುವೆಲ್ಲ ಅವನ ಪಾಲಿಗೇ ಹೋಗಲಿ, ನಾನು ಲಾಬಿಯಲ್ಲಿ ಕೂತು ನೀರು ಕುಡಿಯುತ್ತೇನೆ. ಹತ್ತೊಂಬತ್ತು ವರ್ಷದ ಲೆಕ್ಕ ಚುಕ್ತಾ. ಎಷ್ಟು ಸಿಹಿಯಾಗಿತ್ತು ಆ ಯೋಚನೆ. ಆದರೆ ಚಿತ್ರ ನನ್ನದು. ಮೇಲೆ ಆ ಮುದುಕ ಬೆವರುತ್ತಾ ರೀಲು ಸುತ್ತುತ್ತಿದ್ದಾನೆ, ಅವನು ಮಾಡಿದ್ದೇ ಸರಿ.

ಡೀಟ್ಸ್‌ನ ಕೈ ಕೊಡವಿ ವೇದಿಕೆ ಹತ್ತಿದೆ. ದೀಪ ಹಾಕಿದ್ದರು. ಶಿಳ್ಳೆ, ಗಲಾಟೆ. ಯಾರೋ "ಸತ್ತೋನಿಗೆ ಸಕ್ಕರೆ ಎಷ್ಟು ಚಮಚ?" ಎಂದು ಕೂಗಿದ.

"ನನ್ನ ಹೆಸರು ಇಲೋನಾ ವರ್ಗಾ," ಎಂದೆ. "ಈ ಚಿತ್ರದ ನಿರ್ಮಾಪಕಿ."

ಬಾಯಿಂದ ಬಂದೇಬಿಟ್ಟಿತು. ಮೊದಲ ಸಲ. ಬ್ಯಾಸ್ಕಮ್ ಕಡೆ ನೋಡಲಿಲ್ಲ.

"ಎರಡು ರೀಲು ಹಿಂದೆಮುಂದೆ ಆಗಿವೆ. ಮೇಲೆ ಕೆಲಸ ಮಾಡ್ತಿರೋರು ಸರಿಯಾಗೇ ಮಾಡಿದ್ದಾರೆ. ಡಬ್ಬದ ಮೇಲೆ ನಂಬರ್ ಬರೆದೋಳು ನಾನು. ತಪ್ಪು ನಂದು. ಐದು ನಿಮಿಷ ಕೊಡಿ, ಟಾಡ್‌ನ ಸರಿಯಾದ ಕ್ರಮದಲ್ಲಿ ಸಾಯಿಸ್ತೀವಿ."

ನಕ್ಕರು. ಆದರೆ ಇದು ಬೇರೆ ನಗು. ಮೂರನೇ ಸಾಲಿನಲ್ಲಿ ಹಳದಿ ಟೊಪ್ಪಿಗೆಯ ದಪ್ಪ ಹೆಂಗಸೊಬ್ಬಳು ಎದ್ದು ನಿಂತಳು. "ಅಲ್ಲಮ್ಮಾ, ಅವನು ಸಾಯ್ತಾನೆ ಅಂತ ನಮಗೆ ಗೊತ್ತಾಗಿಹೋಯ್ತಲ್ಲ. ಇನ್ನೇನಿದೆ ನೋಡೋಕೆ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

"ಗೊತ್ತಾಯ್ತು ನಿಜ," ಎಂದೆ. "ಆದ್ರೂ ನೀವು ಅಳ್ತೀರಿ. ಪಂತ ಕಟ್ತೀರಾ?"

"ಕಟ್ದೆ," ಎಂದು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಹಾಲೆಲ್ಲ ಚಪ್ಪಾಳೆ.

ದೀಪ ಆರಿತು. ಟಾಡ್ ಬಂದ. "ಕಾಫಿ ಇದ್ಯಾ ಅತ್ತಿಗೆ?" ಯಾರೂ ನಗಲಿಲ್ಲ. ಕುಡಿದ. ಎಂದಿನಂತೆ ತಾನೇ ಕಪ್ ತೊಳೆದು ಬೋರಲು ಹಾಕಿದ. ಮಾರ್ಥಾ ಬೆನ್ನು ತಿರುಗಿಸಿ ರೊಟ್ಟಿ ಹಿಟ್ಟು ನಾದುತ್ತಾ ಬೆಳೆ ವಿಚಾರ ಮಾತಾಡುತ್ತಿದ್ದಾಳೆ. ಅವಳಿಗೆ ಗೊತ್ತಿಲ್ಲ, ಎಂಟುನೂರು ಜನಕ್ಕೆ ಗೊತ್ತಿದೆ. ಅವನು ಬಾಗಿಲವರೆಗೆ ಹೋದಾಗ ಹಿಂದಿನಿಂದ ಯಾರೋ ಮೆಲ್ಲಗೆ, "ಹೋಗ್ಬೇಡ್ವೋ," ಎಂದರು. ಮುಳುಗುವ ಮೊದಲೇ ಮೂಗು ಒರೆಸುವ ಸದ್ದು ಶುರುವಾಗಿತ್ತು. ಗೋಡೆಗೆ ಒರಗಿ ನಿಂತು ನಾನೂ ಅತ್ತೆ. ಎಷ್ಟೋ ಸಲ ನೋಡಿದ ದೃಶ್ಯ. ಅತ್ತೆ.

ಕೊನೆಗೆ ಲಾಬಿಯಲ್ಲಿ ಹಳದಿ ಟೊಪ್ಪಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಕಣ್ಣು ಕೆಂಪು. "ಸೋತೆ ಕಣೇ ತಾಯಿ," ಎಂದು ಗಟ್ಟಿಯಾಗಿ ತಬ್ಬಿಕೊಂಡಳು. ಚೀಟಿಗಳನ್ನು ಬ್ಯಾಸ್ಕಮ್ ಕಾರಿನ ದೀಪದಲ್ಲಿ ತಾನೇ ಓದಿದ. ಒಂದಾದ ಮೇಲೊಂದು 'ಬಹಳ ಚೆನ್ನಾಗಿದೆ'. ಒಂದರಲ್ಲಿ 'ಆ ಹೆಂಗಸನ್ನು ಪ್ರತಿ ಊರಿಗೂ ಕಳಿಸಿ'. ಇನ್ನೊಂದರಲ್ಲಿ 'ಕೌಬಾಯ್ ಎಲ್ಲಿ?'

ಡೀಟ್ಸ್ ಹತ್ತಿರ ಬಂದು ಕೆಮ್ಮಿದ. "ನಾನು ಮೊದಲೇ ಹೇಳ್ತಿದ್ದೆ ಥರ್ಲೋ, ನನ್ನ ಚಿತ್ರ ಗೆಲ್ಲುತ್ತೆ ಅಂತ."

ಬ್ಯಾಸ್ಕಮ್ ಚೀಟಿಗಳನ್ನು ಜೋಡಿಸಿ ಜೇಬಿಗೆ ಹಾಕಿಕೊಂಡ. "ಎಲ್‌ವುಡ್, ಇವರೆಲ್ಲ ನಗ್ತಿದ್ದಾಗ ಅದು ಯಾರ ಚಿತ್ರ ಆಗಿತ್ತು?"

ಡೀಟ್ಸ್ ಟೊಪ್ಪಿಗೆ ಸರಿಮಾಡಿಕೊಂಡ.

"ಆಗ ಒಬ್ಬಳೇ ಎದ್ದು ನಂದು ಅಂದ್ಲು. ಎಂಟುನೂರು ಜನ ಕೇಳಿದ್ದಾರೆ. ಈಗ ನಾನು ಬೇರೆ ಹೆಸರು ಹಾಕಿದ್ರೆ ಪೊಮೋನಾಗೆ ಮತ್ತೆ ಕಾಲಿಡೋಕಾಗಲ್ಲ." ನನ್ನ ಕಡೆ ತಿರುಗಿ ಹೇಳಿದ. "ಆಯ್ತು."

'ನೋಡೋಣ' ಅಲ್ಲ. ಆಯ್ತು.

ಕಾರು ಹತ್ತುವ ಮೊದಲು ಮತ್ತೆ ಮೆಟ್ಟಿಲು ಹತ್ತಿ ಹೋಗಿ ಕ್ಲೀಟಸ್‌ನ ಕೈ ಕುಲುಕಿದೆ. "ತಲೆ ಬದಲಾಯ್ಸಮ್ಮ, ಮರೀಬೇಡ," ಎಂದ. ಅಲ್ಲೇ ಕೂತು ಎರಡೂ ರೀಲಿನ ತಲೆಯ ಮೇಲೆ ಹೊಸ ಸಂಖ್ಯೆ ಬರೆದೆ. ಪೆನ್ನು ಕೊಟ್ಟವನು ಅವನೇ.

ಆಗಸ್ಟ್ 13, ಶುಕ್ರವಾರ

ಹೆಸರು ಬರೆಯುವ ವಿಭಾಗಕ್ಕೆ ಹೋಗಿ ನಿಂತು ನೋಡಿದೆ. ಗಾಜಿನ ಮೇಲೆ ಬಿಳಿ ಬಣ್ಣ, ಸಣ್ಣ ಕುಂಚ. ಚಿತ್ರಕಾರ ನನ್ನ ಹೆಸರಿನ ಕೊನೆಯ ಅಕ್ಷರ ಮುಗಿಸಿ ಊದಿದ. "ಇನ್ನೂ ಹಸಿ ಇದೆ, ಮುಟ್ಬೇಡಿ," ಎಂದ. ಮುಟ್ಟಿದೆ. ಬೈದುಕೊಂಡು ಮತ್ತೆ ಬರೆದ.

ಡೀಟ್ಸ್ ದೊಡ್ಡ ಹೂಬುಟ್ಟಿ ಕಳಿಸಿದ್ದಾನೆ. 'ನನ್ನ ಶಿಷ್ಯೆಗೆ' ಎಂದು ಚೀಟಿ. ಹೂವನ್ನು ಕ್ಯಾಂಟೀನಿನ ಅಡುಗೆಯವಳಿಗೆ ಕೊಟ್ಟೆ. ಅವಳು ಸಂತೋಷಪಟ್ಟು ಎರಡು ತುಂಡು ಚೆರ್ರಿ ಪೈ ಕೊಟ್ಟಳು. ಎರಡನ್ನೂ ತಿಂದೆ.

ನವೆಂಬರ್ 12, ಶುಕ್ರವಾರ. ಟೊಲೀಡೊ. ಮಧ್ಯಾಹ್ನ 1.50

ಅಪ್ಪನ ಹಳೆಯ ಕ್ಯಾಬಿನ್. ಅದೇ ಸ್ಟೂಲ್, ನನ್ನ ಮೊಣಕಾಲು ಈಗ ಗದ್ದಕ್ಕೆ ತಾಗುತ್ತದೆ. ಎರಡು ಗಂಟೆಗೆ ಮೊದಲ ಆಟ. ಹಾಲು ಭರ್ತಿ. ಅಣ್ಣ, ಅತ್ತಿಗೆ, ನಮ್ಮ ಬೀದಿಯ ಹಂಗೇರಿಯನ್ ಹೆಂಗಸರೆಲ್ಲ ಇಗರ್ಜಿಗೆ ಹೋಗುವ ಉಡುಪಿನಲ್ಲಿ ಬಂದಿದ್ದಾರೆ. ಈಗ ಇಲ್ಲಿ ಕೆಲಸ ಮಾಡುವವನು ಅಪ್ಪನ ಶಿಷ್ಯ. ಇವತ್ತೊಂದು ಆಟ ನೀವೇ ನಡೆಸಿ ಎಂದು ತಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಾನೆ. ಅಪ್ಪ ಯೂನಿಯನ್ ಕಾರ್ಡನ್ನು ಕೋಟಿನ ಜೇಬಿಗೆ ಪಿನ್ ಮಾಡಿಕೊಂಡು ಬಂದಿದ್ದಾನೆ. ಎಪ್ಪತ್ತಾರು ವರ್ಷ. ಕೈ ಒಂದಿಷ್ಟೂ ನಡುಗುವುದಿಲ್ಲ.

ಒಂಬತ್ತು ಡಬ್ಬವನ್ನೂ ತೆಗೆದು ಒಂಬತ್ತು ತಲೆಯನ್ನೂ ಬೆಳಕಿಗೆ ಹಿಡಿದು ನೋಡಿದ. ಪೊಮೋನಾದ ವಿಚಾರ ಎಲ್ಲ ಹೇಳಿದ್ದೆ.

"ಆರನೇದು ಆರೇ ಇದೆ," ಎಂದ. "ಮುಚ್ಚಳದ ಮೇಲೂ ಆರು. ನೀನು ಬರೆದಿದ್ದಲ್ಲ ತಾನೇ?"

"ಅಲ್ಲಪ್ಪ."

"ಹಾಗಾದ್ರೆ ನಂಬಬಹುದು." ಸ್ಕ್ರೂಡ್ರೈವರಿನ ಹಿಡಿಯಿಂದ ನನ್ನ ಬೆರಳ ಗಂಟಿನ ಮೇಲೆ ಒಂದು ತಟ್ಟಿದ. ಮೆಲ್ಲಗೆ. ಮೂರು ತಿಂಗಳು ತಡವಾಗಿ.

ದೀಪ ಆರಿಸಿದ. ಮಶೀನ್ ಹೊರಟಿತು. ಈ ಸದ್ದು, ಈ ಬಿಸಿ ವಾಸನೆ... ಕೆಳಗೆ ಜನ ಸುಮ್ಮನಾದರು. ದೋಣಿಯ ಗಂಟೆ ಬಾರಿಸಿತು. ಚಿತ್ರದ ಹೆಸರು ಬಂತು. ನಟಿ, ನಟ, ಸೋಲ್‌ನ ಹೆಸರು...

"ಬರೀತಾ ಕೂತ್ಕೋಬೇಡ್ವೇ. ಬಾ, ಕಿಂಡಿ ಹತ್ರ ಬಾ," ಅನ್ನುತ್ತಿದ್ದಾನೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತೋಳು ಹಿಡಿದು ಎಳೆಯುತ್ತಿದ್ದಾನೆ, ಅಕ್ಷರ ಓಲಾಡುತ್ತಿದೆ. ಬಂದೆ ಅಪ್ಪ, ಬಂದೆ. ಸಂಗೀತದವನದು ಹೋಯಿತು. ಈಗ ನಮ್ಮ